ಬಾವಿಯ ಮರ್ಯಾದೆ

ಸದ್ದಿಲ್ಲದೆ ಸ್ನಾನ ಮಾಡುವುದನ್ನು ಅವನು ಈ ಇಪ್ಪತ್ತಮೂರು ದಿನಗಳಲ್ಲಿ ಕಲಿತಿದ್ದ. ಬಕೆಟ್ಟನ್ನು ನಲ್ಲಿಯ ಕೆಳಗೆ ಓರೆಯಾಗಿಟ್ಟು, ನೀರು ಅದರ ಒಳಮೈಗುಂಟ ಇಳಿಯುವಷ್ಟು ಸಣ್ಣಗೆ ಬಿಟ್ಟು, ತುಂಬುವವರೆಗೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಿರುತ್ತಿದ್ದ. ತುಂಬಲು ಕಾಲು ಗಂಟೆಯಾದರೂ ಬೇಕು. ಐವತ್ತಾರು ವರ್ಷದ ಗಂಡಸು ಬರಿಮೈಯಲ್ಲಿ ಕೂತು ಬಕೆಟ್ ಕಾಯುವುದು ನೋಡಿದವರಿಗೆ ನಗು ತರಿಸೀತು. ಆದರೆ ನೋಡುವವರು ಯಾರು? ಕೇಳುವವರಿದ್ದರು. ತಲೆಯ ಮೇಲಿನ ಪುಟ್ಟ ಕಿಟಕಿಯಾಚೆಗೆ ಬಾವಿ. ಬಾವಿಯೆಂದರೆ ನೀರಿನದಲ್ಲ, ಕಟ್ಟಡದ ನಟ್ಟನಡುವೆ ನೆಲದಿಂದ ಆಕಾಶದವರೆಗೆ ಬಿಟ್ಟ ಮೂರೂವರೆ ಅಡಿ ಅಗಲದ ಖಾಲಿ ಗೂಡು. ಪ್ಲಾನಿನಲ್ಲಿ ಅದರ ಹೆಸರು ಡಕ್ಟ್, ಇಲ್ಲಿರುವವರ ಬಾಯಲ್ಲಿ ಬಾವಿ. ಹದಿನಾರು ಮನೆಗಳ ಬಚ್ಚಲು, ಅಡುಗೆಮನೆಗಳ ಕಿಟಕಿಗಳು ಅದಕ್ಕೇ ತೆರೆದುಕೊಂಡಿವೆ. ಕೊಳವೆಗಳು ಕೆಳಗಿಳಿಯುತ್ತವೆ, ಒಗ್ಗರಣೆಯ ಘಾಟು ಮೇಲೇರುತ್ತದೆ, ಮಾತು ಎರಡೂ ಕಡೆ ಹೋಗುತ್ತದೆ. ಎದುರಿಗೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ, ಟೀಚರಮ್ಮನ ಬಚ್ಚಲಿನ ಕಿಟಕಿ. ಅದರ ಗಾಜಿನ ಪಟ್ಟಿಗಳು ಆ ದಿನ ಇದ್ದ ಹಾಗೆಯೇ ಅರೆ ತೆರೆದಿದ್ದವು. ಬಕೆಟ್ ಅರ್ಧ ತುಂಬಿದಾಗ ನೀರಿನ ಸದ್ದು ಬದಲಾಗುತ್ತದೆ, ಆ ಬದಲಾವಣೆಯ ಸಂದಿನಲ್ಲಿ ಅವನಿಗೆ ದಿನವೂ ಕೇಳಿಸುತ್ತಿತ್ತು: ನಕ್ಷೆಯವರೇ. ಕೂಗಲ್ಲ, ಟೀಚರಮ್ಮ ಅವನ ಹಾಜರಿ ಕರೆದ ಹಾಗೆ. ಇವತ್ತೂ ಕೇಳಿಸಿತು. ಅವನು ನಲ್ಲಿ ನಿಲ್ಲಿಸಿ, ಅರ್ಧ ಬಕೆಟ್ಟಿನಲ್ಲೇ ಮೈ ತೊಳೆದುಕೊಂಡು ಹೊರಗೆ ಬಂದ.

"ಸಭೆ ಹನ್ನೊಂದಕ್ಕೆ," ಎಂದಳು ಹೆಂಡತಿ, ಅವನ ಮುಖ ನೋಡದೆ. "ಟೀಚರಮ್ಮನ ಮಗಳು ಬೆಳಿಗ್ಗೆನೇ ಬಂದಿದಾಳೆ. ಕಾಗದ ಓದಿ ಎಲ್ಲರ ಸಹಿ ತಗೋತಾರಂತೆ."

ಕಾಗದದಲ್ಲಿ ಏನಿದೆ ಎಂದು ಇಬ್ಬರಿಗೂ ಗೊತ್ತಿತ್ತು. ಕೆಲಸದಕ್ಕನನ್ನು ಇನ್ನು ಮುಂದೆ ಕಟ್ಟಡದೊಳಗೆ ಬಿಡಬಾರದು. ಏಳು ಗಂಟೆಗೆ ಬಂದು ಬಾಗಿಲು ತೆರೆಯಬೇಕಾದವಳು ಆ ಮಂಗಳವಾರ ಹತ್ತಕ್ಕೆ ಬಂದಳು. ಟೀಚರಮ್ಮ ಬಚ್ಚಲಲ್ಲಿ ಬಿದ್ದಿದ್ದರು. ತಲೆಯ ಒಳಗೆ ರಕ್ತ ಹೆಪ್ಪುಗಟ್ಟಿತ್ತು, ಹೊತ್ತಿಗೆ ಸರಿಯಾಗಿ ತಂದಿದ್ದರೆ ಉಳಿಯುತ್ತಿದ್ದರು ಎಂದು ಡಾಕ್ಟರು ಮಗಳಿಗೆ ಹೇಳಿದ್ದರಂತೆ. ಆ ಮಾತು ಮಗಳ ಎದೆಯಲ್ಲಿ ಮುಳ್ಳಾಗಿ ಮುರಿದು ಕೂತಿತು. ಮುಳ್ಳಿಗೆ ಒಂದು ಗಿಡ ಬೇಕಲ್ಲ, ಕೆಲಸದಕ್ಕ ಸಿಕ್ಕಳು. ಈ ಕಟ್ಟಡದಲ್ಲಿ ಅವಳಿಗೆ ಏಳು ಮನೆ ಕೆಲಸ, ಬೇರೆ ಕಡೆ ಒಂದೂ ಇಲ್ಲ. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ್ರಂತೆ," ಎಂದು ಹೆಂಡತಿ ಒಲೆಯ ಕಡೆ ತಿರುಗಿ ಗೊಣಗಿದಳು. ಎಮ್ಮೆ ಯಾರು ಎನ್ನುವುದು ಸ್ಪಷ್ಟವಾಗಿತ್ತು. ಎತ್ತು ಯಾರು ಎಂದು ಅವನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಅವತ್ತು ಬೆಳಿಗ್ಗೆ ಅವಳು ಅಡುಗೆಮನೆಯಲ್ಲೇ ಇದ್ದಳು, ಅಡುಗೆಮನೆಯ ಕಿಟಕಿಯೂ ಬಾವಿಗೇ ತೆರೆಯುತ್ತದೆ ಎಂಬ ಯೋಚನೆ ಅವನ ತಲೆಯಲ್ಲಿ ಸುಳಿದು, ಚಪ್ಪಲಿ ಕಳಚಿ ಒಳಗೆ ಬಂದ ನೆಂಟನ ಹಾಗೆ ಮೂಲೆಯಲ್ಲಿ ಕೂತಿತು.

ಬಾವಿಗೊಂದು ಮರ್ಯಾದೆಯಿತ್ತು. ಯಾರೂ ಬರೆದಿಟ್ಟದ್ದಲ್ಲ, ಬಂದವರೆಲ್ಲ ಒಂದು ವಾರದಲ್ಲಿ ಕಲಿಯುತ್ತಿದ್ದರು. ಬಾವಿಯಲ್ಲಿ ಕೇಳಿಸಿದ್ದು ಕೇಳಿಸಿದ್ದಲ್ಲ. ಮೂರನೆ ಮಹಡಿಯ ಗಂಡ ಹೆಂಡತಿ ಬೆಳಿಗ್ಗೆ ಎಂಟಕ್ಕೆ ಪರಸ್ಪರರ ವಂಶವನ್ನು ಜಾಲಾಡಿ ಎಂಟೂವರೆಗೆ ಲಿಫ್ಟಿನಲ್ಲಿ ಸಿಕ್ಕರೆ, ಎಲ್ಲರೂ ಸೆಖೆಯ ಬಗ್ಗೆ ಮಾತಾಡುತ್ತಿದ್ದರು. ಕೆಳಮನೆಯ ಹುಡುಗಿ ಪರೀಕ್ಷೆಯಲ್ಲಿ ಫೇಲಾಗಿ ಅತ್ತದ್ದು ಹದಿನಾರು ಮನೆಗೂ ತಿಳಿದಿತ್ತು. ಆದರೂ ತಿಂಗಳ ಮೇಲೆ ಅವಳ ಅಮ್ಮ ತಾನಾಗಿ ಹೇಳಿದಾಗ ಎಲ್ಲರೂ "ಅಯ್ಯೋ ಹೌದಾ!" ಎಂದು ಹೊಸದಾಗಿ ಬೆಚ್ಚಿದ್ದರು. ಇದು ಕಪಟವಲ್ಲ. ಇಷ್ಟು ಇಕ್ಕಟ್ಟಿನಲ್ಲಿ ಐವತ್ತೆಂಟು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ಬದುಕಬೇಕೆಂದರೆ ಯಾರಾದರೂ ಕಿವುಡರಾಗಲೇಬೇಕು, ಎಲ್ಲರೂ ಒಟ್ಟಿಗೆ ಆದರೆ ನ್ಯಾಯ. ಅವನಿಗೆ ಈ ಮರ್ಯಾದೆಯ ಬಗ್ಗೆ ಒಳಗೊಳಗೇ ಹೆಮ್ಮೆಯೂ ಇತ್ತು. ನಗರ ಯೋಜನೆಯ ಕಚೇರಿಯಲ್ಲಿ ಮೂವತ್ತು ವರ್ಷದಿಂದ ಅವನದು ನಕ್ಷೆಗೆ ಬಣ್ಣ ಹಾಕುವ ಕೆಲಸ. ವಾಸಕ್ಕೆ ಹಳದಿ, ವ್ಯಾಪಾರಕ್ಕೆ ನೀಲಿ, ಕಾರ್ಖಾನೆಗೆ ನೇರಳೆ, ಉದ್ಯಾನಕ್ಕೆ ಹಸಿರು. ಹಳದಿಯಲ್ಲೂ ಹೆಕ್ಟೇರಿಗೆ ಜನ ಹೆಚ್ಚಿದಷ್ಟೂ ಬಣ್ಣ ಗಾಢವಾಗುತ್ತ ಹೋಗುತ್ತದೆ, ತಿಳಿಹಳದಿ, ಕಡುಹಳದಿ, ಕಂದು. ತನ್ನ ಬೀದಿಗೆ ಅವನೇ ಕೈಯಾರೆ ಕೊನೆಯ ಕಂದು ತುಂಬಿದ್ದ. ಈ ಕಟ್ಟಡದ ಪ್ಲಾನು ಹಿಂದೊಮ್ಮೆ ಅವನ ಮೇಜಿನ ಮೇಲೆಯೇ ಹಾದುಹೋದಾಗ, ಆ ಮೂರೂವರೆ ಅಡಿಯ ಎದುರಿಗೆ 'ತೆರೆದ ಜಾಗ: ಬಿಟ್ಟಿದೆ' ಎಂದು ಬರೆದವನೂ ಅವನೇ. ಬರೆಯುವಾಗ ಅದು ಕಾಗದದ ಮೇಲೆ ಒಂದು ಬಿಳಿಯ ಚೌಕವಾಗಿತ್ತು. ಅದರಲ್ಲಿ ದನಿಗಳು ಇರುತ್ತವೆ ಎಂದು ಯಾವ ನಿಯಮದಲ್ಲೂ ಇಲ್ಲ.

ಅವನು ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಕನ್ನಡಿಯ ಎದುರು ನಿಂತ. ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳನ್ನು ಎಳೆಯುವ ಸದ್ದು. ಹೇಳಿಬಿಟ್ಟರೆ? ಹೇಳುವುದು ಎಂದರೆ ಏನು ಹೇಳುವುದು? ಬಾಯಿ ತಾನಾಗಿ ಅಭ್ಯಾಸಕ್ಕೆ ಶುರುವಿಟ್ಟಿತು, "ನೋಡಿ, ನನಗೆ ಅವತ್ತು..." ತುಟಿ ಅಲ್ಲಾಡುವುದನ್ನು ಕನ್ನಡಿಯಲ್ಲಿ ಕಂಡು ಅವನಿಗೆ ಮೈಯೆಲ್ಲ ಬಿಸಿಯಾಯಿತು. ಇದೇ ಅಭ್ಯಾಸವೇ ಎಲ್ಲಕ್ಕೂ ಮೂಲ. ಕಚೇರಿಯಲ್ಲಿ ಸ್ಕೇಲು ಹಿಡಿಯುವುದನ್ನು ಅವನಿಂದ ಕಲಿತವನೊಬ್ಬ ಈಗ ಅವನ ಮೇಲಧಿಕಾರಿ. ಒಂದು ಬಡಾವಣೆಯ ಬಣ್ಣ ತಪ್ಪಾಗಿತ್ತೆಂದು ಆತ ಎಲ್ಲರ ಎದುರು ನಕ್ಷೆಯನ್ನು ಮಡಚಿ ಮೇಜಿನ ಮೇಲೆ ಎಸೆದು, "ಕಣ್ಣು ಮಂಜಾಗಿದ್ರೆ ಮನೇಲಿರಿ," ಎಂದಿದ್ದ. ಅವನು ಏನೂ ಹೇಳದೆ ನಕ್ಷೆ ಎತ್ತಿಕೊಂಡು ಮನೆಗೆ ಬಂದು, ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು ಉತ್ತರ ಕೊಟ್ಟ. ಮೊದಲು ಜೋರಾಗಿ, "ನಿನಗೆ ಪೆನ್ಸಿಲ್ ಹಿಡಿಯೋಕೆ ಕಲಿಸಿದ್ದು ಯಾರೋ?" ಆಮೇಲೆ ಸ್ವಲ್ಪ ಮೆತ್ತಗೆ. ಕೊನೆಕೊನೆಗೆ ನಾಳೆ ಬೆಳಿಗ್ಗೆ ನಿಜವಾಗಿ ಹೇಳಬೇಕಾದದ್ದನ್ನು: "ಸರ್, ತಪ್ಪಾಯ್ತು ಸರ್. ಇನ್ನೊಂದ್ಸಲ ಆಗಲ್ಲ ಸರ್." ಅದನ್ನು ಎಷ್ಟು ಸಲ ಹೇಳಿದನೋ, ಹೇಳುತ್ತ ಹೇಳುತ್ತ ಬಿಕ್ಕಿದ್ದೂ ಉಂಟು. ಮರುದಿನ ಮೆಟ್ಟಿಲ ಮೇಲೆ ಟೀಚರಮ್ಮ ಎದುರಾದರು. ಪಕ್ಕದಲ್ಲಿ ಸಂಘದ ಕಾರ್ಯದರ್ಶಿ ಇದ್ದರು. ಟೀಚರಮ್ಮ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ತರಗತಿಯ ದಡ್ಡನಿಗೆ ಹೇಳುವ ಅಕ್ಕರೆಯಲ್ಲಿ ಹೇಳಿದ್ದರು: "ನಕ್ಷೆಯವರೇ, ತಪ್ಪಾಯ್ತು ಅಂತ ಅಷ್ಟು ಸಲ ಹೇಳ್ಬಾರದಪ್ಪ. ಒಂದ್ಸಲ ಸಾಕು. ಅಳೋದಂತೂ ಬೇಡವೇ ಬೇಡ."

ನಲವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ಬಾಯಿ, ತಡೆಯಲಿಲ್ಲ. ಕೆಡುಕು ಅವರ ಮನಸ್ಸಿನಲ್ಲಿ ಎಳ್ಳಷ್ಟೂ ಇರಲಿಲ್ಲ ಎಂದು ಅವನಿಗೆ ಆಗಲೂ ಗೊತ್ತಿತ್ತು, ಗೊತ್ತಿದ್ದದ್ದೇ ಹೆಚ್ಚು ಉರಿಯಿತು. ಕಾರ್ಯದರ್ಶಿ ಗೋಡೆಯ ಮೇಲಿನ ಮೀಟರು ಪೆಟ್ಟಿಗೆಯನ್ನು ಮೊದಲ ಸಲ ಕಂಡವರ ಹಾಗೆ ನೋಡುತ್ತ ನಿಂತರು. ಆ ಮನುಷ್ಯ ಮರ್ಯಾದಸ್ಥ. ಟೀಚರಮ್ಮ ಬಾವಿಯ ಮರ್ಯಾದೆ ಮುರಿದಿದ್ದರು. ಅವತ್ತಿನಿಂದ ಅವನು ಎದುರುಗಡೆಯ ಬಾಗಿಲಿನ ಸದ್ದು ಕೇಳಿದರೆ ತನ್ನ ಬಾಗಿಲು ತೆರೆಯಲು ತಡಮಾಡುತ್ತಿದ್ದ. ಅವರು "ಊಟ ಆಯ್ತಾ?" ಎಂದರೆ ಆಯ್ತು ಎಂದು ಚಪ್ಪಲಿಗೆ ಹೇಳಿ ಮುಂದೆ ಹೋಗುತ್ತಿದ್ದ. ಇನ್ನು ಮೇಲೆ ಈ ಹೆಂಗಸಿನ ಮಟ್ಟಿಗೆ ನಾನು ಮರ್ಯಾದೆಯನ್ನು ಅಕ್ಷರಶಃ ಪಾಲಿಸುತ್ತೇನೆ ಎಂದು ತೀರ್ಮಾನಿಸಿ, ಆ ತೀರ್ಮಾನದಲ್ಲಿ ಒಂದು ಸಣ್ಣ ಸುಖವನ್ನೂ ಕಂಡುಕೊಂಡಿದ್ದ. ಹನ್ನೊಂದು ದಿನ ಆ ಸುಖ ಉಳಿಯಿತು. ಹನ್ನೆರಡನೆಯ ದಿನ ಮಂಗಳವಾರ. ಏಳೂ ಹತ್ತು. ಅವನು ಗಡ್ಡಕ್ಕೆ ಸೋಪು ಹಚ್ಚಿಕೊಂಡಿದ್ದ. ಎದುರು ಏನೋ ಭಾರವಾದದ್ದು ಬಿದ್ದ ಸದ್ದು, ಒಂದು ಪಾತ್ರೆ ಉರುಳಿದ ಸದ್ದು, ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ, "ನಕ್ಷೆಯವರೇ." ಅವನ ಕೈ ಕೆನ್ನೆಯ ಮೇಲೇ ನಿಂತಿತು. "ನಕ್ಷೆಯವರೇ, ಸ್ವಲ್ಪ ಬರ್ತೀರಾ." ದನಿಯಲ್ಲಿ ಗಾಬರಿ ಇರಲಿಲ್ಲ, ಸಂಕೋಚವಿತ್ತು. ಓಹೋ, ಈಗ ಬೇಕಾಯಿತೋ ನಕ್ಷೆಯವರು, ಎಂದು ಅವನಿಗೆ ಅನ್ನಿಸಿತು. ಹೌದು, ಇವೇ ಪದಗಳಲ್ಲಿ ಅನ್ನಿಸಿತು. ಈ ಇಪ್ಪತ್ತಮೂರು ದಿನಗಳಲ್ಲಿ ಅವನು ಆ ಪದಗಳನ್ನು ಎಷ್ಟು ಉಜ್ಜಿದರೂ ಒಂದು ಅಕ್ಷರವೂ ಮಾಸಿಲ್ಲ. ಮೂರನೆಯ ಸಲ ಬರೀ "ನಕ್ಷೆ..." ಎಂದು ಮಾತ್ರ ಬಂತು. ಅವನು ಕೈ ಚಾಚಿ ನಲ್ಲಿಯನ್ನು ಪೂರ್ತಿ ತಿರುಗಿಸಿದ. ನೀರು ಬಕೆಟ್ಟಿನ ತಳಕ್ಕೆ ಧೋ ಎಂದು ಬಿತ್ತು.

ಕೆಳಗೆ, ವಾಹನ ನಿಲ್ಲಿಸುವ ಜಾಗದಲ್ಲಿ ಸ್ಕೂಟರುಗಳನ್ನು ಒತ್ತಟ್ಟಿಗೆ ಸರಿಸಿ ಕುರ್ಚಿ ಹಾಕಿದ್ದರು. ಮೂವತ್ತಕ್ಕೂ ಹೆಚ್ಚು ಜನ ಸೇರಿದ್ದರು. ಟೀಚರಮ್ಮನ ಮಗಳು ಮುಂದಿನ ಸಾಲಿನಲ್ಲಿ, ತಾಯಿಯದೇ ಹಣೆ, ತಾಯಿಯದೇ ಕನ್ನಡಕದ ಬಗೆ. ಕೆಲಸದಕ್ಕ ಕುರ್ಚಿಯಲ್ಲಿ ಕೂರದೆ ಕಂಬದ ಪಕ್ಕ ನಿಂತಿದ್ದಳು. ಒಂದು ಕೈಯಲ್ಲಿ ಸೆರಗಿನ ತುದಿ ಬಿಗಿಯಾಗಿ ಹಿಡಿದಿದ್ದಳು. ಅವಳು ಹಿಂದೆ ಎಲ್ಲಿದ್ದಳೆಂದು ಅವನಿಗೆ ಗೊತ್ತಿತ್ತು. ಇಲ್ಲಿಂದ ಹತ್ತು ನಿಮಿಷದ ನಡಿಗೆಯ ಗಲ್ಲಿ, ನಲವತ್ತು ಒಂಟಿಕೋಣೆಗಳು. ಎರಡು ವರ್ಷದ ಕೆಳಗೆ ಆ ಗಲ್ಲಿ ನಕ್ಷೆಯಲ್ಲಿ ಹಳದಿಯಿಂದ ನೀಲಿಯಾಯಿತು. ಮೇಲಿನಿಂದ ಟಿಪ್ಪಣಿ ಬಂತು, ಅವನು ಬಣ್ಣ ಹಾಕಿದ. ಅಲ್ಲಿ ಈಗ ಗಾಜಿನ ಅಂಗಡಿಗಳಿವೆ, ಅವಳು ಊರಾಚೆಯ ಕೊನೆಯ ಬಸ್ ನಿಲ್ದಾಣದ ಆಚೆಗೆ ಇದ್ದಾಳೆ. ಅವಳಿಗೆ ಇದು ಗೊತ್ತಿಲ್ಲ. ಸಿಕ್ಕಾಗಲೆಲ್ಲ, "ಏನ್ ಸಾರ್, ಇವತ್ತು ಯಾವ ಊರಿಗೆ ಬಣ್ಣ ಬಳಿದ್ರಿ?" ಎಂದು ತಮಾಷೆ ಮಾಡುವವಳು. ಇವತ್ತು ಅವಳು ಅವನ ಕಡೆ ನೋಡಲಿಲ್ಲ.

ಕಾರ್ಯದರ್ಶಿ ಕಾಗದ ಓದಿದರು. ಕರ್ತವ್ಯಲೋಪ, ನಿರ್ಲಕ್ಷ್ಯ, ಸದರಿ ಮಹಿಳೆ, ಇಂಥ ಪದಗಳು ಒಂದರ ಹಿಂದೊಂದು ಹೋದವು.

"ಏನಾದ್ರೂ ಹೇಳೋದಿದ್ಯೇನಮ್ಮ?" ಎಂದು ಅವಳನ್ನು ಕೇಳಿದರು.

"ಬಸ್ಸು ಬರ್ಲಿಲ್ಲ ಸಾರ್," ಎಂದಳು ಕೆಲಸದಕ್ಕ. "ಆವತ್ತು ಮೊದಲ್ನೇ ಬಸ್ಸೂ ಬರ್ಲಿಲ್ಲ, ಎರಡನೇದೂ ಬರ್ಲಿಲ್ಲ. ನಾನು ಹೊರಟಿದ್ದು ಐದಕ್ಕೇ, ಕೊನೆಗೆ ಸಿಕ್ಕಿದ್ದು ಸುತ್ತಿ ಬಳಸಿ ಬರೋ ಬಸ್ಸು. ಇನ್ನೇನ್ ಹೇಳ್ಲಿ."

"ಬಸ್ಸಿನ ಮೇಲೆ ಹಾಕಿದ್ರೆ ಆಯ್ತಾ?" ಎಂದಳು ಮಗಳು. "ಒಂದು ಫೋನ್ ಮಾಡಿ ಪಕ್ಕದ ಮನೆಯವರಿಗೆ ಹೇಳಿದ್ರೆ ಇವರು ಯಾರಾದ್ರೂ ಹೋಗಿ ನೋಡ್ತಿರ್ಲಿಲ್ವಾ? ಇಷ್ಟು ಜನ ಇದ್ದಾರೆ. ಒಬ್ಬಳೇ ಇರೋದು ಬೇಡ, ನಮ್ಮನೆಗೆ ಬಾ ಅಂದಾಗೆಲ್ಲ ಅಮ್ಮ ಏನಂತಿದ್ಲು ಗೊತ್ತಾ? ಕೈ ಚಾಚಿದ್ರೆ ಜನ ಇದ್ದಾರೆ ಕಣೇ, ನಂಗೇನು ಅಂತಿದ್ಲು."

ಕಾಗದ ಸಾಲಿನಿಂದ ಸಾಲಿಗೆ ಬರತೊಡಗಿತು. ಪೆನ್ನನ್ನು ದಾರದಲ್ಲಿ ಕಟ್ಟಿದ್ದರು. ಕೆಳಮನೆಯ ಬ್ಯಾಂಕಿನವರು ಸಹಿ ಹಾಕಿದರು. ಮೇಲ್ಮನೆಯ ಅಜ್ಜಿ ನಿಧಾನವಾಗಿ, ಅಕ್ಷರ ಬಿಡಿಸಿ ಬಿಡಿಸಿ ಬರೆದರು. ಕಾಗದ ಅವನ ತೊಡೆಯ ಮೇಲೆ ಬಂದು ಕೂತಾಗ ಅವನು ಹೆಸರುಗಳನ್ನು ನೋಡಿದ. ಅವರೆಲ್ಲರ ಕಿಟಕಿಗಳೂ ಅವನಿಗೆ ಗೊತ್ತಿದ್ದವು. ಇದು ಬಲದ ಮೂಲೆಯ ಅಡುಗೆಮನೆ, ಇದು ಎಡದ ಬಚ್ಚಲು. ಸಹಿ ಹಾಕಿದರೆ ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಮನೆಗೆ ಹೋಗಿ ಬಕೆಟ್ ಓರೆಯಾಗಿಟ್ಟು ಕೂರಬಹುದು, ಇನ್ನೂ ಇಪ್ಪತ್ತು ವರ್ಷ ಕೂರಬಹುದು. ಅವನು ಎದ್ದು ನಿಂತ. ಅಭ್ಯಾಸ ಮಾಡಿದ ಒಂದು ಪದವೂ ನೆನಪಿಗೆ ಬರಲಿಲ್ಲ.

"ಟೀಚರಮ್ಮ ಕರೆದ್ರು," ಎಂದ. "ನನ್ನ ಕರೆದ್ರು. ನಂಗೆ ಕೇಳಿಸ್ತು. ನಾನು ಹೋಗ್ಲಿಲ್ಲ."

ಕೂತವರ ಮುಖಗಳಲ್ಲಿ ಅವನು ಸಿಟ್ಟನ್ನು, ಅಸಹ್ಯವನ್ನು ಹುಡುಕಿದ. ಕಂಡದ್ದು ಅದಲ್ಲ, ಮುಜುಗರ. ಊಟದ ಪಂಕ್ತಿಯಲ್ಲಿ ಒಬ್ಬ ಎದ್ದು ಬಟ್ಟೆ ಬಿಚ್ಚಿದರೆ ಉಳಿದವರು ಎಲೆ ನೋಡುತ್ತಾರಲ್ಲ, ಹಾಗೆ ನೆಲ ನೋಡುತ್ತಿದ್ದರು. "ಇರ್ಲಿ ಬಿಡಿ," ಎಂದರು ಕಾರ್ಯದರ್ಶಿ, ತಗ್ಗಿದ ದನಿಯಲ್ಲಿ, ಮೀಟರು ಪೆಟ್ಟಿಗೆಯ ದಿನದ ಅದೇ ದಯೆಯಿಂದ. "ನಿಮಗೆ ಮನಸ್ಸಿಗೆ ಹಚ್ಕೊಂಡು ಹಾಗನ್ಸಿದೆ. ಇಲ್ಲಿ ಯಾರಿಗೆ ಏನು ಕೇಳ್ಸುತ್ತೆ? ಕೂತ್ಕೊಳ್ಳಿ."

ಆದರೆ ಮಗಳು ಎದ್ದು ಬಂದಿದ್ದಳು. ಅವನು ಹೊಡೆತಕ್ಕೆ ಕಾದ. ಹೊಡೆದಿದ್ದರೆ ಚೆನ್ನಾಗಿತ್ತು. ಅವಳು ಕೇಳಿದ್ದು ಬೇರೆ.

"ಆಮೇಲೆ? ಆಮೇಲೆ ಏನಂದ್ರು? ನನ್ನ ಕರೆದ್ರಾ?"

ಅವನು ಬಾಯಿ ತೆರೆದ. ಸುಳ್ಳೊಂದು ತುಟಿಯವರೆಗೆ ಬಂತು, ಅದು ಒಳ್ಳೆಯ ಸುಳ್ಳು, ಅವಳನ್ನು ಬದುಕಿಡೀ ಕಾಯಬಹುದಾದ ಸುಳ್ಳು. ಅದನ್ನು ಹೇಳುವ ಯೋಗ್ಯತೆಯೂ ತನಗಿಲ್ಲ ಎಂದು ಅನ್ನಿಸಿತು. "ಗೊತ್ತಿಲ್ಲಮ್ಮ," ಎಂದ. "ಆಮೇಲಿಂದು ಕೇಳಿಸ್ಬಾರದು ಅಂತ ನಾನು ನಲ್ಲಿ ತಿರುಗಿಸ್ಬಿಟ್ಟೆ."

"ನಾನು ಮಿಕ್ಸಿ ಹಾಕ್ದೆ," ಎಂದಿತು ಹಿಂದಿನಿಂದ ಒಂದು ದನಿ. ಅವನ ಹೆಂಡತಿ ಕೂತಲ್ಲಿಂದಲೇ, ಮಡಿಲಲ್ಲಿದ್ದ ತನ್ನ ಕೈಗಳನ್ನು ನೋಡುತ್ತ ಹೇಳುತ್ತಿದ್ದಳು. "ಏಳೂ ಇಪ್ಪತ್ತಕ್ಕೆ. ಜಾರ್‌ನಲ್ಲಿ ಏನೂ ಇರ್ಲಿಲ್ಲ. ಖಾಲಿ ಹಾಕ್ದೆ. ನಿಲ್ಲಿಸಿದಾಗ ಇನ್ನೂ ಕರೀತಿದ್ರು. ಇವರನ್ನಲ್ಲ, ಯಾರಾದ್ರೂ ಬನ್ನಿ ಅಂತಿದ್ರು."

ಮಗಳು ಅವಳ ಕಡೆ ತಿರುಗಿದಳು. ಆಗ ಮೇಲ್ಮನೆಯ ಅಜ್ಜಿ, ಸಹಿ ಹಾಕಿದ ಬೆರಳನ್ನು ಸೀರೆಗೆ ಒರೆಸಿಕೊಳ್ಳುತ್ತ, "ನಿನ್ನನ್ನೂ ಕರೆದ್ಲು ಮಗೂ," ಎಂದರು. "ಸುಳ್ಳು ಹೇಳ್ತಿಲ್ಲ. ಸ್ಕೂಲ್ ವ್ಯಾನು ಬಂದಿತ್ತು, ಏಳೂ ಮುಕ್ಕಾಲು. ಪುಟ್ಟೀ, ಪುಟ್ಟೀ ಅಂದ್ಲು. ನೀನೇ ಅಲ್ವಾ ಪುಟ್ಟಿ?" ಮಗಳು ಹೌದೆಂದು ತಲೆಯಾಡಿಸಿದಳು, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅವಳಿಗೆ ಬೇಕಾದದ್ದು ಸಿಕ್ಕಿತು ಎಂದುಕೊಂಡರೇನೋ, ಉಳಿದವರ ಬಾಯಿಯ ಬೀಗವೂ ಕಳಚಿತು. ಬ್ಯಾಂಕಿನವರು ರೇಡಿಯೋ ವಾರ್ತೆ ಮುಗಿದ ಮೇಲೆ ಕೇಳಿದ್ದರು, ಎಂಟು ದಾಟಿತ್ತು, ನೀರು ಬೇಕು ಎಂದಂತಿತ್ತು. ನಾಲ್ಕನೆ ಮಹಡಿಯ ನರ್ಸು ಡ್ಯೂಟಿ ಮುಗಿಸಿ ಬಂದು ಮಲಗುವಾಗ ಎಂಟೂವರೆ, ಅವಳಿಗೆ ಹಾಡಿನಂಥದ್ದೇನೋ ಕೇಳಿಸಿತ್ತು, ಮಗ್ಗಿಯೋ ಪದ್ಯವೋ. ಎಚ್ಚರ ತಪ್ಪಬಾರದೆಂದು ಹೇಳಿಕೊಳ್ಳುತ್ತಿದ್ದರೇನೋ ಎಂದು ಅವಳಿಗೆ ಈಗ ಅನ್ನಿಸುತ್ತಿದೆಯಂತೆ. ಒಬ್ಬೊಬ್ಬರೂ ಮಗಳಿಗೆ ಒಂದೊಂದು ತುಣುಕು ತಂದು ಕೊಡುತ್ತಿದ್ದರು, ಕೊಡುವಾಗ ದನಿಯಲ್ಲಿ ಅಕ್ಕರೆಯೂ ಇತ್ತು, ನನ್ನ ಬಳಿಯೂ ಇದೆ ಎನ್ನುವ ಆತುರವೂ ಇತ್ತು. ಕೊನೆಗೆ ಕಾರ್ಯದರ್ಶಿಗಳೇ ಕನ್ನಡಕ ತೆಗೆದು, "ನಾನು ಬಾಗಿಲು ಹಾಕಿ ಹೊರಟಾಗ ಒಂಬತ್ತೂಕಾಲು," ಎಂದರು. "ದನಿ ಇರ್ಲಿಲ್ಲ. ಮಗ್ಗಿನಿಂದ ನೆಲ ಕುಟ್ತಿದ್ರು. ಟಕ್, ಟಕ್ ಅಂತ. ಪ್ಲಂಬರ್ ಬಂದಿದಾನೆ ಅಂದ್ಕೊಂಡೆ." ಸ್ವಲ್ಪ ತಡೆದು, "ಅಂದ್ಕೊಳ್ಳೋಣ ಅಂತ ಅಂದ್ಕೊಂಡೆ," ಎಂದರು.

ಅವನ ತಲೆ ತನ್ನ ಪಾಡಿಗೆ ಕೂಡಿಸುವ ಕೆಲಸ ಮಾಡುತ್ತಿತ್ತು, ಮೂವತ್ತು ವರ್ಷದ ಚಾಳಿ. ಹದಿನಾರು ಮನೆ, ಮೂವತ್ತೆರಡು ಕಿಟಕಿ, ಅತಿ ದೂರದ್ದು ನಲವತ್ತು ಅಡಿ. ಇಡೀ ಊರಿನಲ್ಲಿ ಇಷ್ಟು ಹತ್ತಿರ ಇಷ್ಟು ಜನ ಇರುವ ಜಾಗ ಇನ್ನೊಂದಿಲ್ಲ. ಆ ಲೆಕ್ಕ ಅವನಿಗೆ ಬಾಯಿಪಾಠ.

ಕಂಬದ ಪಕ್ಕದಿಂದ ಕೆಲಸದಕ್ಕ ಎರಡು ಹೆಜ್ಜೆ ಮುಂದೆ ಬಂದಿದ್ದಳು. ಸೆರಗಿನ ತುದಿ ಕೈಯಿಂದ ಜಾರಿತ್ತು.

"ಹಾಗಾದ್ರೆ ಒಟ್ಟು ಎಷ್ಟು ಹೊತ್ತು ಕರೆದ್ರು?"

ಲೆಕ್ಕದ ಮನುಷ್ಯ ಅವನೇ ಎಂದು ಎಲ್ಲರಿಗೂ ಗೊತ್ತಿತ್ತು, ಒಬ್ಬೊಬ್ಬರಾಗಿ ಅವನ ಕಡೆ ತಿರುಗಿದರು.

"ಎರಡು ಗಂಟೆ," ಎಂದ ಅವನು. "ಎರಡು ಗಂಟೆ ಐದು ನಿಮಿಷ."

ಕೆಲಸದಕ್ಕ ಅದನ್ನು ಮನಸ್ಸಿನಲ್ಲೇ ಎಲ್ಲಿಗೋ ಹೊಂದಿಸಿ ನೋಡಿದಂತಿತ್ತು. ಆಮೇಲೆ ಟೀಚರಮ್ಮನ ಮಗಳೊಬ್ಬಳನ್ನೇ ನೋಡಿ ಹೇಳಿದಳು.

"ಏಳು ಗಂಟೆಗೆ ನಂಗೆ ಬಸ್ಸು ಸಿಕ್ತು ಕಣವ್ವ. ಅಷ್ಟು ಹೊತ್ತೂ ನಾನು ಬರ್ತಾನೇ ಇದ್ದೆ."